ಗಿಣಿ ಕಚ್ಚಿದ ಸೀಬೆಹಣ್ಣು

ದಾಕ್ಷಾಯಣಮ್ಮ ಸೀಬೆಹಣ್ಣನ್ನು ಸೆರಗಿನಲ್ಲಿ ಒರೆಸಿ ಬಾಯಿಗೆ ಒಯ್ಯುತ್ತಿದ್ದಂತೆ, ಎದುರಿಗೆ ಹಣ್ಣು ಅಗಿಯುತ್ತಿದ್ದ ಗಂಡ ಷಣ್ಮುಖಪ್ಪನ ದವಡೆ ಅಲ್ಲೇ ನಿಂತುಬಿಟ್ಟಿತು. ಅವಳ ಹಣ್ಣಿನ ಒಂದು ಮಗ್ಗುಲಲ್ಲಿ ಗಿಣಿ ಕಚ್ಚಿದ ಗುರುತಿತ್ತು. ಹಿತ್ತಲ ಮರದಿಂದ ಅದನ್ನು ಕಿತ್ತುಕೊಟ್ಟವನೂ ಅವನೇ. "ಗಿಣಿ ಸಿಹಿ ನೋಡ್ದೆ ಕಚ್ಚಲ್ಲ ಕಣೇ" ಎಂದು ಮದುವೆಯಾದ ಹೊಸದರಲ್ಲಿ ಹೇಳಿದವನು, ಅಂದಿನಿಂದಲೂ ಕಚ್ಚಿದ ಹಣ್ಣನ್ನು ಅವಳಿಗೇ ಎತ್ತಿಡುತ್ತಿದ್ದ.

ಬೆಳಗ್ಗೆ ಟಿವಿಯಲ್ಲಿ, ಬಾವಲಿಯಿಂದ ಹೊಸ ಜ್ವರ ಬರುತ್ತಿದೆ, ಹಕ್ಕಿಪಕ್ಷಿ ಕಚ್ಚಿದ ಹಣ್ಣು ಮುಟ್ಟಬೇಡಿ ಎಂದಾಗ ಷಣ್ಮುಖಪ್ಪ ಅಜ್ಜಂಪುರದ ಬಸ್‌ಸ್ಟ್ಯಾಂಡಿಗೂ ಕೇಳುವಂತೆ ನಕ್ಕಿದ್ದ. ಕಡೂರಿನಿಂದ ಫೋನ್ ಮಾಡಿ ಎಚ್ಚರಿಸಿದ ಮಗ ರುದ್ರಮೂರ್ತಿಗೂ, "ಕೊರೊನಾನೇ ನನ್ನ ಕಂಡು ಓಡೋಯ್ತು, ಇದ್ಯಾವ ಲೆಕ್ಕ ಕಣೋ" ಎಂದಿದ್ದ. ಆ ಹಟಕ್ಕೇ ಈಗ ಗಿಣಿ ಕಚ್ಚಿದ ಎರಡು ಹಣ್ಣು ಕಿತ್ತು, ತನ್ನದನ್ನು ಆಗಲೇ ಅರ್ಧ ತಿಂದಿದ್ದ.

"ತಡಿಯೇ, ತಿನ್ಬೇಡ ಅದನ್ನ."

"ಯಾಕ್ರೀ?"

ಹೆದರಿಕೆ ಎನ್ನಲು ನಾಲಿಗೆ ಹೊರಳಲಿಲ್ಲ. "ಹುಳಿ ಐತೆ" ಎಂದ.

ದಾಕ್ಷಾಯಣಮ್ಮ ಹಣ್ಣನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು. ಗಿಣಿ ಕಚ್ಚಿದ್ದು ಹುಳಿ ಎಂಬ ಮಾತು ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಬಂದದ್ದಿಲ್ಲ. ಕೈಲಿದ್ದ ಹಣ್ಣನ್ನು ತಿಪ್ಪೆಗೆ ಎಸೆದಳು. ಆಮೇಲೆ ಅವನ ಹತ್ತಿರ ಹೋಗಿ, ಬಿಗಿಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅರ್ಧ ತಿಂದಿದ್ದನ್ನೂ ಕಿತ್ತುಕೊಂಡಳು.

"ನಂಗೆ ಹುಳಿಯಾದ್ರೆ ನಿಮಗೂ ಹುಳೀನೇ ಕಣ್ರೀ. ಬಾಯಲ್ಲಿರೋದನ್ನ ಉಗೀರಿ ಮೊದ್ಲು."

ಕೊರೊನಾವನ್ನೇ ಓಡಿಸಿದ್ದ ಷಣ್ಮುಖಪ್ಪ ತಿಪ್ಪೆಯ ಕಡೆ ಬಾಗಿ ಉಗಿದ.