ಹಿಂದಿನ ಆಕ್ಸಲ್

"ಈ ಬಿಲ್ಲೆ ಸುಳ್ಳು ಹೇಳ್ತಿದೆ ಕಣೋ," ಎಂದ ಡ್ವೇನ್. "ಗುಜರಿಯವನು ನಿಂಗೆ ಸರಿಯಾಗಿ ಟೋಪಿ ಹಾಕಿದಾನೆ."

ಆರ್ಲೋ ಎಪ್ಪತ್ತೆರಡರ ಮಾಡೆಲ್ಲಿನ ಫೋರ್ಡ್ ಪಿಕಪ್ಪಿನ ಕೆಳಗೆ ಅಂಗಾತ ಮಲಗಿ ಹಿಂದಿನ ಆಕ್ಸಲ್ಲಿನ ಮಣ್ಣು ಕೆರೆಯುತ್ತಿದ್ದ. ಮುಚ್ಚಳಕ್ಕೆ ಹತ್ತು ಬೋಲ್ಟು, ಒಂದರಡಿ ತಗಡಿನ ಬಿಲ್ಲೆ, ಅದರ ಮೇಲೆ 4.10, ಅಂದರೆ ಒಳಗಿನ ಗೇರಿನ ಅನುಪಾತ. ಮುಂದಿನದರ ಮೇಲೂ ಅಷ್ಟೇ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ನಾಲ್ಕೂ ಚಕ್ರಕ್ಕೆ ಗೇರು ಹಾಕಿದೊಡನೆ ಮುಂದಿನದು ಹಿಂದಿನದು ಕಿತ್ತಾಡಿ ಗಾಡಿ ಕಚ್ಚಿಕೊಂಡು ನಿಲ್ಲುತ್ತದೆ.

ಈ ಗಾಡಿ ಬೇಸಿಗೆಯಿಂದ ಹಾಗೇ ನಿಲ್ಲುತ್ತಿತ್ತು. ಜಾಯಿಂಟು ಬದಲಾಯಿಸಿದ್ದಾಯಿತು, ಗೇರುಪೆಟ್ಟಿಗೆ ಬಿಚ್ಚಿದ್ದಾಯಿತು. ಶನಿವಾರ ಬಂತೆಂದರೆ ಆರ್ಲೋಗೆ ಬೆನ್ನುನೋವು. ಸಾಕಾಗಿಹೋಗಿತ್ತು.

"ನಾನೇ ಕೆಳಗೆ ಹೋಗೋಣ ಅಂದ್ರೆ ಈ ದರಿದ್ರ ಮಂಡಿ," ಎಂದ ಡ್ವೇನ್. "ಮಲಗಿದ್ರೆ ಕ್ರೇನ್ ತರಿಸ್ಬೇಕು."

ಡ್ವೇನ್‌ನ ಹೆಂಡತಿ ನಾರ್ಮಾ ಕಾಫಿ ತಂದವಳು ಗಂಡನ ಕೋಟಿನ ಬೆನ್ನಿಗೆ ಅಂಟಿದ್ದ ಧೂಳನ್ನು ತಟ್ಟಿದಳು. "ಎಲ್ಲಿ ಹೊರಳಾಡಿ ಬಂದ್ರಿ?"

"ಗೋಡೆಗೆ ಒರಗಿದ್ದೆ ಕಣೇ."

ಗಾಡಿ ಅವರ ಮಗ ಕರ್ಟ್‌ನದು. ಹೋದ ನವೆಂಬರಿನಲ್ಲಿ ಎಲ್ಕ್ ಜಿಂಕೆಯ ಬೇಟೆಗೆ ಬೆಟ್ಟ ಹತ್ತಿದವನು ತುದಿಯ ಗುಡಿಸಲಲ್ಲಿ ಹಿಮಕ್ಕೆ ಸಿಕ್ಕಿ ಸತ್ತ. "ಅವನ ಗಾಡೀಲೇ ಒಂದ್ಸಲ ಮೇಲಕ್ಕೆ ಹೋಗ್ತೀನಿ, ಹಿಮ ಬೀಳೋ ಹೊತ್ತಿಗೆ," ಎಂದಿದ್ದ ಡ್ವೇನ್, ಮಗನ ಬಂದೂಕಿಗೆ ಎಣ್ಣೆ ಹಾಕುತ್ತ. "ವಾಪಸ್ ಬರೋ ಮಾತು ಕೇಳ್ಬೇಡಿ." ಎರಡು ಚಕ್ರದ ಬಲದಲ್ಲಿ ಆ ದಾರಿ ಹತ್ತುವಂತಿರಲಿಲ್ಲ.

"ಬಿಲ್ಲೆ ಬಿಡು, ಎಣಿಸೇ ಬಿಡೋಣ," ಎಂದ ಆರ್ಲೋ. ಗೇರುಪೆಟ್ಟಿಗೆಯಿಂದ ಆಕ್ಸಲ್ಲಿಗೆ ಬರುವ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದ. "ಎತ್ತಿರೋದು ಒಂದೇ ಚಕ್ರ, ಅದನ್ನ ಎರಡು ಸುತ್ತು ತಿರುಗಿಸು. ಶಾಫ್ಟು ನಾಲ್ಕು ಸುತ್ತು ದಾಟಿದ್ರೆ ಬಿಲ್ಲೆ ನಿಜ."

ಜಾಕ್ ಮೇಲೆ ಎತ್ತಿದ್ದ ಚಕ್ರವನ್ನು ಡ್ವೇನ್ ನಿಧಾನಕ್ಕೆ ತಿರುಗಿಸಿದ. ಗೆರೆ ಸುತ್ತಿತು. ಒಂದು, ಎರಡು, ಮೂರು, ಅರ್ಧ. ನಿಂತಿತು.

"ಎಷ್ಟು?"

ಆರ್ಲೋಗೆ ಕಾಣುತ್ತಿದ್ದುದು ಡ್ವೇನ್‌ನ ಬೂಟು, ಅದರ ಪಕ್ಕ ನಾರ್ಮಾಳ ಚಪ್ಪಲಿ. ಚಪ್ಪಲಿ ಅಲುಗಲಿಲ್ಲ.

"ನಾಲ್ಕು. ಮೇಲೆ ಒಂಚೂರು," ಎಂದ ಆರ್ಲೋ.

ಬೇಸಿಗೆಯಲ್ಲಿ ಹಳೆಯ ಆಕ್ಸಲ್ ಮುರಿದಾಗ ನಾರ್ಮಾ ಆರ್ಲೋನ ಶೆಡ್ಡಿಗೆ ಬಂದು ಅತ್ತಿದ್ದಳು. "ಸರಿಹೊಂದದೇ ಇರೋದು ಯಾವ್ದಾದ್ರೂ ಹಾಕ್ಬಿಡಪ್ಪ. ಈ ಗಾಡಿ ಬೆಟ್ಟ ಹತ್ತೋದು ಬೇಡ." ಗುಜರಿಯಲ್ಲಿ ಹುಡುಕಿ ತಂದವನು, ಹಳೆಯದರ ಬಿಲ್ಲೆ ಕಿತ್ತು ಇದಕ್ಕೆ ಬಿಗಿದವನು ಆರ್ಲೋನೇ. ಅಂದಿನಿಂದ ಗೆಳೆಯನ ಮುಖ ನೋಡಲು ಅವನಿಗೆ ನಾಚಿಕೆ. ಆದರೂ ವಾರ ವಾರ ಬಂದು ಇಲ್ಲದ ದೋಷ ಹುಡುಕುತ್ತಿದ್ದ.

"ಹಾಗಾದ್ರೆ ಆಕ್ಸಲ್ ಸರಿಯಾಗಿದೆ," ಎಂದ ಡ್ವೇನ್. "ಇನ್ನೇನೋ ಇರ್ಬೇಕು. ಬರೋ ಶನಿವಾರ ಬಾ, ನೋಡೋಣ. ನಾರ್ಮಾ, ಇವನಿಗೊಂದು ತುಂಡು ಪೈ ಕೊಡೇ, ಪಾಪ, ಸುಸ್ತಾಗಿದಾನೆ."

ಆರ್ಲೋ ಹೊರಗೆ ಜಾರಲು ಚಾಸಿಯ ಒಳಮಗ್ಗುಲನ್ನು ಹಿಡಿದ. ಅಂಗೈಗೆ ಸೀಮೆಸುಣ್ಣ ಹತ್ತಿತು. ಅವನು ಅಲ್ಲಿ ಏನೂ ಬರೆದಿರಲಿಲ್ಲ. ತಲೆ ವಾಲಿಸಿ ನೋಡಿದ.

ಎಣ್ಣೆ ಮೆತ್ತಿ ಹಳತಾಗಿದ್ದ ಅಕ್ಷರ, ಡ್ವೇನ್‌ನ ಕೈಬರಹ: "ಮುಂದೆ ನಾಲ್ಕು, ಹಿಂದೆ ಮೂರೂವರೆ."