ಅಂಗಡಿಯಲ್ಲಿ ಅರೆದ ಅಕ್ಕಿ

ಎಲ್ಲಾದರೂ ಮೋಟಾರು ಸುಟ್ಟ ವಾಸನೆ ಬಂದರೆ ನನಗೆ ಈಗಲೂ, ಊರು ಬಿಟ್ಟು ನಾವು ನೆಲೆಸಿದ್ದ ಕಾಮೋಠೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನೆನೆಸಿದ ಕುಚ್ಚಲಕ್ಕಿಯನ್ನೂ ನುಣ್ಣಗೆ ಅರೆಯುತ್ತದೆ ಎಂದು ಹೇಳಿ ಅಂಗಡಿಯವನು ಅಮ್ಮನಿಗೆ ಮಿಕ್ಸರ್ ಮಾರಿದ್ದ. ಮೊದಲ ದಿನವೇ ಅದು ಹೊಗೆಯುಗುಳಿ ನಿಂತಿತು. ವಾಪಸು ಒಯ್ದಾಗ, ಇದು ಒಣ ಮಸಾಲೆಗೆ ಮಾತ್ರ, ನೀವೇ ಸುಟ್ಟಿದ್ದೀರಿ ಎಂದು ಹಿಂದಿಯಲ್ಲಿ ಗದರಿ ಕಳಿಸಿದ.

"ಹೋಗ್ಲಿ ಬಿಡು ಮಾರಾಯ್ತಿ, ಅವರೊಟ್ಟಿಗೆ ಎಂಥ ಜಗಳ?" ಎಂದರು ಹೋಟೆಲ್ ಕೆಲಸ ಮುಗಿಸಿ ಬಂದ ಅಪ್ಪ.

"ಜಗಳ ಯಾರು ಮಾಡ್ತಾರೆ? ನಾನು ಅಕ್ಕಿ ಅರೆಸ್ಲಿಕ್ಕೆ ಹೋಗುದು," ಎಂದಳು ಅಮ್ಮ.

ಮರುದಿನ ನೆನೆದ ಅಕ್ಕಿಯ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸುಟ್ಟ ಮಿಕ್ಸರನ್ನು ತಾನು ಹೊತ್ತು ಹೊರಟಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಕೌಂಟರಿನ ಮೇಲೆ ಡಬ್ಬಿ ತೆರೆದಿಟ್ಟು, "ನಯಾ ಮಿಕ್ಸರ್ ನಿಕಾಲೋ. ಯೇ ಪೀಸ್‌ಕೇ ದಿಖಾವೋ," ಎಂದು, ಹೊಸ ಮಿಕ್ಸರಿನಲ್ಲಿ ಆ ಅಕ್ಕಿಯನ್ನೇ ಅರೆದು ತೋರಿಸಲು ಹೇಳಿದಳು.

ಎಲ್ಲರೂ ನೋಡುತ್ತಿದ್ದರು. ಅವನು ಅಂಥದ್ದೇ ಹೊಸ ಮಿಕ್ಸರ್ ತೆಗೆದು, ಅಕ್ಕಿ ಸುರಿದು ತಿರುಗಿಸಿದ. ಅದು ನರಳಿತು, ನಡುಗಿತು, ಅದೇ ವಾಸನೆ ಎದ್ದಿತು. ಅವನ ಕೈ ಸ್ವಿಚ್ಚಿಗೆ ಹೋಯಿತು.

"ಬಂದ್ ಮತ್ ಕರೋ," ಎಂದಳು ಅಮ್ಮ. "ಅಭೀ ಬಾರೀಕ್ ನಹೀ ಹುವಾ." ಅಕ್ಕಿ ಇನ್ನೂ ನುಣ್ಣಗಾಗಿರಲಿಲ್ಲ.

ಪಕ್ಕದ ಹೆಂಗಸೊಬ್ಬಳು ತಾನು ಆರಿಸಿದ್ದ ಮಿಕ್ಸರನ್ನು ಮೆಲ್ಲಗೆ ಕೌಂಟರಿನ ಮೇಲೆಯೇ ಬಿಟ್ಟು ನಡೆದಳು. ಅಂಗಡಿಯವನು ದುಡ್ಡು ವಾಪಸು ಕೊಟ್ಟ.

ಅಮ್ಮ ಹೊರಡಲಿಲ್ಲ. ಜಾರಿನೊಳಗೆ ಬೆರಳಾಡಿಸಿ, ಹಿಟ್ಟನ್ನೆಲ್ಲ ಬಳಿದು ಡಬ್ಬಿಗೆ ತುಂಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ತರಿತರಿ ಉಂಟು. ದೋಸೆಗೆ ಆಗುದಿಲ್ಲ. ನಡಿ, ಉಂಡೆ ಕಟ್ಟಿ ಪುಂಡಿ ಬೇಯಿಸುವ."