ಕೌದಿಯ ಹೊಟ್ಟೆ

ಹಳೆಯ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ವಾಸನೆಗೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ.

ನನ್ನ ಬಾಲ್ಯದಲ್ಲಿ, ಧಾರವಾಡದ ನಮ್ಮ ಪಡಸಾಲೆಯಲ್ಲಿ ಅಜ್ಜಿ ಮತ್ತು ಓಣಿಯ ಹೆಂಗಸರು ಅನಾಥಾಶ್ರಮದ ಮಕ್ಕಳಿಗೆಂದು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ನಾಲ್ಕೂ ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಹೊಲಿಯುವುದು ಅಜ್ಜಿಯ ಪದ್ಧತಿ.

"ಕೌದಿ ಹಸದಿದ್ರ ಹೊತ್ಕೊಂಡ ಕೂಸಿಗೆ ಥಂಡಿ ಬಿಡಂಗಿಲ್ಲ," ಎಂದು ಅಜ್ಜಿ ಒಂದು ದಿನ ಇಡೀ ಹೋಳಿಗೆಯೊಂದನ್ನು ನನ್ನ ಕೈಗಿತ್ತು, ಮೊದಲ ಮೂಲೆ ತುಂಬಲು ಹೇಳಿದಳು.

ಚೂರು ಮುರಿಯುತ್ತ ಮುರಿಯುತ್ತ ಹೋಳಿಗೆ ನನ್ನ ಬಾಯಲ್ಲೇ ಮುಗಿಯಿತು. ಖಾಲಿ ಮೂಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತೆ.

"ಹೊಟ್ಟಿ ತುಂಬೇತೇನ ಕೌದಿದು?" ಅಜ್ಜಿ ಸೂಜಿ ಹಿಡಿದು ಕೇಳಿದಳು.

ತುಂಬಿದೆ ಎನ್ನಲು ಬಾಯಿ ತೆರೆದೆ. ದೊಡ್ಡದೊಂದು ತೇಗು ಬಂತು.

ಹೆಂಗಸರೆಲ್ಲ ಸೂಜಿ ಬಿಟ್ಟು ನಕ್ಕರು. ಅಜ್ಜಿ ಮಾತ್ರ ನಗದೆ, ಒಳಗಿದ್ದ ನನ್ನ ಅವ್ವನಿಗೆ ಕೂಗಿದಳು: "ಇನ್ನೊಂದು ಹೋಳಿಗಿ ತಗೊಂಡ್ ಬಾರವಾ. ಈ ಕೌದಿಗೆ ಐದ ಮೂಲಿ ಅದಾವ!"